ಬೋಧಕ ಪ್ರೂಯಿಟ್ ಮತ್ತು ಕಾಡಿನ ಸೀಸೆ

ಬೀಚ್ ಮರಗಳ ಕಾಡಿನಲ್ಲಿ ಹರಿಯುವ ಬೀಚ್ ಹಳ್ಳದ ದಂಡೆಯ ಊರಲ್ಲಿ ಆಗಿನ್ನೂ ಪ್ರಾರ್ಥನಾ ಮಂದಿರ ಎದ್ದಿರಲಿಲ್ಲ. ಮೆಥಡಿಸ್ಟ್ ಪಂಥದ ಬೋಧಕರು ಬಂದರೆ ಇಳಿದುಕೊಳ್ಳುವುದೂ ಮಕ್ಲೂರ್ ಅವರ ಮನೆಯಲ್ಲಿ, ಬೋಧನೆ ನಡೆಯುವುದೂ ಅದೇ ಮನೆಯ ದೊಡ್ಡ ಕೋಣೆಯಲ್ಲಿ. ಮನೆಯ ಯಜಮಾನ ಎನೋಸ್ ಊರಿನ ಮೆಥಡಿಸ್ಟ್ ಗುಂಪಿನ ಮುಂದಾಳು. ಅವನ ಹೆಂಡತಿ ಥರ್ಜಾ ಬೆಂಚು ಜೋಡಿಸುವವಳು, ಕೋಳಿ ಕೊಯ್ಯುವವಳು, ಬಂದವರ ಹಾಸಿಗೆ ಕೊಡವುವವಳು. ಬೋಧಕರಿಗೆ ಇಪ್ಪತ್ತಕ್ಕೂ ಹೆಚ್ಚು ಊರುಗಳ ಸುತ್ತು. ಒಂದು ಸುತ್ತು ಮುಗಿಸಲು ನಾಲ್ಕು ವಾರ ಬೇಕು. ಮಳೆಯಾಗಲಿ ಹಿಮವಾಗಲಿ ಕುದುರೆಯ ಮೇಲೆಯೇ. ಎರಡು ವರ್ಷ ತುಂಬುವುದರೊಳಗೆ ಪಂಥದ ಮಹಾಸಭೆ ಅವರನ್ನು ಬೇರೆ ಕಡೆಗೆ ಹಾಕಿಬಿಡುತ್ತಿತ್ತು. ಹೀಗಾಗಿ ಥರ್ಜಾ ಬೋಧಕರನ್ನು ಬಹಳ ಕಂಡಿದ್ದಳು. ಕಂಡಷ್ಟೂ ನಂಬಿಕೆ ಕಡಿಮೆಯಾಗಿತ್ತು.

ನಂಬಿಕೆ ಪೂರ್ತಿ ಹೋದದ್ದು ಕೇಲಬ್ ಡನ್ ಎಂಬ ಬೋಧಕರ ಕಾಲದಲ್ಲಿ. ಬಹಳ ಮೃದು ಮಾತಿನವರು. ಅವರ ಬಾಯಿಂದ ಏನೋ ವಾಸನೆ ಬಂದಾಗ ಥರ್ಜಾ ಅದು ಕೆಮ್ಮಿನ ಔಷಧಿ ಇರಬೇಕು ಅಂದುಕೊಂಡಳು. ಮೂಗು ಹೇಳಿದ್ದನ್ನು ಮನಸ್ಸು ಒಪ್ಪಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಜನವೆಲ್ಲ ಬೆಂಚಿನ ಮೇಲೆ ಕೂತು ಕಾದರು. ಬೋಧಕರು ಮಾತ್ರ ಹಿಟ್ಟಿನ ಗಿರಣಿಯ ಹುಲ್ಲಿನ ಮೇಲೆ ವಿಸ್ಕಿ ಕುಡಿದು ಮಲಗಿದ್ದರು. ಅವರನ್ನು ಆರು ತಿಂಗಳು ಬೋಧನೆಯಿಂದ ನಿಲ್ಲಿಸಿದರು, ಅವರು ಅತ್ತರು, ಮತ್ತೆ ತೆಗೆದುಕೊಂಡು ದೂರದ ಸುತ್ತಿಗೆ ಕಳಿಸಿದರು. ಆದರೆ ಬೀಚ್ ಹಳ್ಳದ ಗುಂಪಿನಲ್ಲಿ ಅರ್ಧ ಜನ ಹಳ್ಳ ದಾಟಿ ಬ್ಯಾಪ್ಟಿಸ್ಟ್ ಪಂಥದವರ ಕಡೆ ಹೋದವರು ಹಿಂತಿರುಗಲಿಲ್ಲ.

ಅದಾದ ಎರಡನೆಯ ವರ್ಷ ಎಲೆ ಉದುರುವ ಕಾಲದಲ್ಲಿ ಅಸಾಹೆಲ್ ಪ್ರೂಯಿಟ್ ಬಂದರು. ವಯಸ್ಸು ಮೂವತ್ತನಾಲ್ಕು, ಮದುವೆಯಿಲ್ಲ, ಇದ್ದ ಆಸ್ತಿಯೆಲ್ಲ ಜೀನಿಗೆ ನೇತುಹಾಕಿದ ಎರಡು ಚೀಲಗಳಲ್ಲಿ. ಒಹಾಯೋ ಕಡೆಯ ಒಬ್ಬ ಕಮ್ಮಾರನ ಮಗ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಡಿನ ಗುಡಾರ ಕೂಟದಲ್ಲಿ ದೇವರಿಗೆ ಒಲಿದವರು. ಅವರ ವಿದ್ಯೆಯೆಲ್ಲ ಕುದುರೆಯ ಮೇಲೆ ಕೂತು ಓದಿದ್ದು. ಅವರನ್ನು ಆ ಕೆಲಸಕ್ಕೆ ತಂದದ್ದು ಅವರ ಕಂಠ.

ಎಂಥ ಕಂಠ ಅದು! ಮೊದಲ ಗುರುವಾರ ಅವರು ಕೀರ್ತನೆಯ ಎರಡೆರಡು ಸಾಲು ಓದಿ ಕೊಟ್ಟು ಜನರಿಂದ ಹಾಡಿಸಿದಾಗ ಕಿಟಕಿಗೆ ಹಚ್ಚಿದ್ದ ಎಣ್ಣೆ ಕಾಗದ ನಡುಗಿತು. ಒಳಗೆ ಜಾಗ ಸಿಗದೆ ಅಂಗಳದಲ್ಲಿ ನಿಂತವರಿಗೂ ಒಂದು ಮಾತೂ ತಪ್ಪಲಿಲ್ಲ. ಬ್ಯಾಪ್ಟಿಸ್ಟರಾಗಿದ್ದ ಇಬ್ಬರು ಹಳ್ಳದ ಆಚೆ ನಿಂತೇ ಕೇಳಿದರಂತೆ.

ಊಟಕ್ಕೆ ಕೂತಾಗ ಎನೋಸ್ ಹಿಗ್ಗಿ ಹೋಗಿದ್ದ. "ಈ ಸಲ ದೇವ್ರು ಕಣ್ಣು ಬಿಟ್ಟ ಕಣೇ," ಅಂದ.

"ಡನ್ ಅಯ್ನೋರು ಬಂದಾಗ್ಲೂ ಹಿಂಗೇ ಅಂದಿದ್ರಿ," ಅಂದಳು ಥರ್ಜಾ. "ದೇವ್ರು ಕಣ್ಣು ಬಿಡ್ಲಿ, ನಾವೂ ಬಿಟ್ಕೊಂಡಿರೋಣ."

ಥರ್ಜಾ ಕಣ್ಣು ಬಿಟ್ಟುಕೊಂಡೇ ಇದ್ದಳು. ಮೊದಲ ಎರಡು ಸುತ್ತುಗಳಲ್ಲಿ ತಪ್ಪು ಸಿಗಲಿಲ್ಲ. ಅಮಲೇರುವ ಸೇಬಿನ ಹುಳಿರಸ ಕೊಟ್ಟರೆ ಬೇಡವೆಂದು ನೀರು ಕೇಳಿದರು. ತಾವು ಉಣ್ಣುವ ಮೊದಲು ಕುದುರೆಗೆ ಮೇವು ಬಿತ್ತೇ ಎಂದು ಹೋಗಿ ನೋಡಿದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಲೆಗೆ ಕಟ್ಟಿಗೆ ತಂದಿಟ್ಟರು. ಇಷ್ಟು ಸರಿಯಾಗಿರುವ ಮನುಷ್ಯ ಏನನ್ನೋ ಮುಚ್ಚಿಡುತ್ತಿರಬೇಕು ಅಂತಲೂ ಅವಳಿಗೆ ಒಮ್ಮೆ ಅನಿಸಿತು.

ಹಿಮ ಬಿದ್ದ ಮೇಲೆ ಬದಲಾವಣೆ ಕಾಣಿಸಿತು. ಕೀರ್ತನೆಯ ಸಾಲು ಓದಿ ಕೊಡುವ ಕೆಲಸವನ್ನು ಪ್ರೂಯಿಟ್ ಎನೋಸ್‌ಗೆ ಒಪ್ಪಿಸಿದರು. ಎರಡು ಗಂಟೆ ನಡೆಯುತ್ತಿದ್ದ ಬೋಧನೆ ಅರ್ಧ ಗಂಟೆಗೆ ಬಂತು. ಬೋಧನೆ ಮುಗಿದ ಮೇಲೆ ಎದ್ದು ಜನರಿಗೆ ಬುದ್ಧಿ ಹೇಳಲು ಅಪ್ಪಣೆ ಪಡೆದಿದ್ದವನು ಜೂಬಲ್ ಟೀಗ್ ಎಂಬ ಹಂದಿ ವ್ಯಾಪಾರಿ. ಮೊದಲೆಲ್ಲ ಅವನಿಗೆ ಸಿಗುತ್ತಿದ್ದದ್ದು ಚೂರುಪಾರು ಸಮಯ. ಈಗ ಬೋಧಕರೇ "ಸೋದರ ಟೀಗ್, ನೀವು ಎದ್ದೇಳಿ" ಎಂದು ಕೂತುಬಿಡುತ್ತಿದ್ದರು. ಟೀಗ್ ಎದ್ದರೆ ಕೂರುವವನಲ್ಲ. ತಾನೇ ಬೋಧಕನಾಗಬೇಕೆಂಬ ಆಸೆ ಅವನಿಗೆ ಬಹಳ ದಿನಗಳಿಂದ ಇತ್ತು.

ಬೋಧನೆಗೆ ಮುಂಚೆ ಕಾಡಿಗೆ ಹೋಗಿ ಒಬ್ಬರೇ ಮಂಡಿಯೂರಿ ಪ್ರಾರ್ಥನೆ ಮಾಡುವುದು ಮೆಥಡಿಸ್ಟ್ ಬೋಧಕರೆಲ್ಲರ ಪದ್ಧತಿ. ಅದರಲ್ಲಿ ಯಾರೂ ತಪ್ಪು ಹುಡುಕರು. ಆದರೆ ಪ್ರೂಯಿಟ್ ಹೋಗುವಾಗ ಕೋಟಿನ ಎಡಗಡೆ ಉಬ್ಬಿರುತ್ತಿತ್ತು, ಅದರ ಮೇಲೆ ಕೈ ಒತ್ತಿಕೊಂಡಿರುತ್ತಿದ್ದರು. ಬರುವಾಗ ಮುಖ ಕೆಂಪು, ಕಣ್ಣಲ್ಲಿ ನೀರು, ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಒಂದು ಸಲ ಮೆಟ್ಟಿಲು ಹತ್ತುವಾಗ ಕೋಟು ಸರಿದು ಸೀಸೆಯ ಕತ್ತು ಕಂಡಿತು. ಅದಕ್ಕೆ ಮೆಕ್ಕೆಜೋಳದ ದಿಂಡಿನ ಬಿರಡೆ ಹಾಕಿತ್ತು.

ಥರ್ಜಾ ಅದನ್ನು ಒಬ್ಬರಿಗೆ ಮಾತ್ರ ಹೇಳಿದಳು. ಪಕ್ಕದ ಹೊಲದ ಲವೀನಾ ಹ್ಯಾಚ್ ಬಟ್ಟೆ ಒಗೆಯಲು ಹಳ್ಳಕ್ಕೆ ಬಂದಿದ್ದಾಗ.

"ಸೀಸೆ ಅಂದ್ರೆ ಯಾವ ಸೀಸೆ?" ಲವೀನಾ ಕುಕ್ಕುತ್ತಿದ್ದ ಬಟ್ಟೆ ಬಿಟ್ಟಳು.

"ಸೀಸೆ ಕಣೇ. ಒಳಗೇನಿತ್ತೋ ನಾನು ನೋಡಿಲ್ಲ. ನೋಡದ್ದನ್ನ ಹೇಳಲ್ಲ."

"ಕಾಡಿಗೆ ಸೀಸೆ ತಗೊಂಡು ಹೋಗೋರು ಅದ್ರಲ್ಲಿ ಹಾಲು ತುಂಬ್ಕೊಂಡು ಹೋಗ್ತಾರಾ ಥರ್ಜಾ?"

"ನಂಗೇನು ಗೊತ್ತು. ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ ನಮ್ಮವ್ವ," ಅಂದಳು ಲವೀನಾ. ಅವಳು ಒಗೆದ ಬಟ್ಟೆ ಒಣಗುವುದಕ್ಕೆ ಮುಂಚೆ ಮಾತು ಗಿರಣಿಗೆ ಮುಟ್ಟಿತ್ತು. ಅಯ್ನೋರ ಪ್ರಾರ್ಥನೆಗೆ ಬಿರಡೆ ಇದೆಯಂತೆ, ಅದನ್ನು ಕಿತ್ತರೇನೇ ಮೇಲಕ್ಕೆ ಹೋಗುವುದಂತೆ ಎಂದು ಗಿರಣಿಯವನು ಹಿಟ್ಟಿನ ಜೊತೆ ಅದನ್ನೂ ಮನೆಮನೆಗೆ ಕಟ್ಟಿ ಕಳಿಸಿದ. ಮುಂದಿನ ಸುತ್ತಿಗೆ ಪ್ರೂಯಿಟ್ ಬಂದಾಗ ಜನ ಕೈಕುಲುಕುವ ನೆಪದಲ್ಲಿ ಹತ್ತಿರ ಹೋಗಿ ಮೂಗು ಅರಳಿಸಿದರು. ಅವರು ಅದನ್ನು ಕಂಡೂ ಕಾಣದಂತೆ ಇದ್ದರು. ಅದು ಥರ್ಜಾಳಿಗೆ ಇನ್ನಷ್ಟು ಅನುಮಾನ ತಂದಿತು. ತಪ್ಪಿಲ್ಲದವನಾದರೆ ಏನಪ್ಪ ಮೂಸ್ತೀಯಾ ಎಂದು ಕೇಳಬೇಕಲ್ಲ?

ಟೀಗ್ ಸುಮ್ಮನಿರಲಿಲ್ಲ. ಜಿಲ್ಲೆಯ ಸುತ್ತುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಹಿರಿಯರು ಓಬೆಡ್ ಕ್ರಾಫರ್ಡ್ ಎಂಬವರು. ಅವರಿದ್ದಲ್ಲಿಗೇ ಹೋಗಿ, ಬೋಧಕರು ಕುಡಿಯುತ್ತಾರೆ, ಮಕ್ಲೂರ್ ಹೆಂಡತಿ ಕಣ್ಣಾರೆ ಕಂಡಿದ್ದಾಳೆ ಎಂದು ದೂರು ಕೊಟ್ಟು ಬಂದ. ಮೂರು ತಿಂಗಳಿಗೊಮ್ಮೆ ನಡೆಯುವ ಕೂಟಕ್ಕೆ ಮೇ ತಿಂಗಳಲ್ಲಿ ಬಂದಾಗ ವಿಚಾರಣೆ ಮಾಡುವುದಾಗಿ ಹಿರಿಯರು ಹೇಳಿ ಕಳಿಸಿದರು.

ಎನೋಸ್ ತಲೆ ಮೇಲೆ ಕೈಹೊತ್ತು ಕೂತ. "ಒಬ್ಬ ಬೋಧಕನ್ನ ಕುಡುಕ ಅನ್ನೋದು ಅಂದ್ರೆ ಅವನ ಅನ್ನಕ್ಕೆ ಮಣ್ಣು ಹಾಕ್ದಂಗೆ. ನೀನು ನೋಡಿದ್ದು ಎಷ್ಟು, ಊರು ಹೇಳಿದ್ದೆಷ್ಟು?"

"ನಾನು ನೋಡಿದ್ದು ಸೀಸೆ ಕತ್ತು."

"ಕತ್ತು ನೋಡಿ ಹೊಟ್ಟೆ ಹೇಳ್ಬಿಟ್ಯಲ್ಲೇ."

ಆ ಮಾತು ಅವಳಿಗೆ ಚುಚ್ಚಿತು. ಹೇಳುವುದಾದರೆ ಪೂರ್ತಿ ನೋಡಿಯೇ ಹೇಳಬೇಕು ಎಂದು ನಿಶ್ಚಯ ಮಾಡಿಕೊಂಡಳು. ಏಪ್ರಿಲ್‌ನಲ್ಲಿ ಪ್ರೂಯಿಟ್ ಬಂದ ಗುರುವಾರ, ಅವರು ಕಾಡಿನತ್ತ ನಡೆದ ಸ್ವಲ್ಪ ಹೊತ್ತಿಗೆ, ಮರಿ ಹಾಕಿದ ಹಂದಿಯನ್ನು ಹುಡುಕುವ ನೆವದಲ್ಲಿ ಅವಳೂ ಹೊರಟಳು. ಊರಿನ ಹಂದಿಗಳೆಲ್ಲ ಬೀಚ್ ಮರದ ಕಾಯಿ ತಿನ್ನಲು ಆ ಕಾಡಿನಲ್ಲೇ ಬಿದ್ದಿರುತ್ತಿದ್ದವು. ಆದ್ದರಿಂದ ನೆವಕ್ಕೆ ಕೊರತೆಯಿರಲಿಲ್ಲ.

ಪ್ರೂಯಿಟ್ ಮೊದಲು ಮಂಡಿಯೂರಿ ಪ್ರಾರ್ಥನೆ ಮಾಡಿದರು. ಅದು ನಿಜವಾದ ಪ್ರಾರ್ಥನೆಯೇ. ಆಮೇಲೆ ಸೀಸೆ ತೆಗೆದು ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಥರ್ಜಾ ಮರದ ಹಿಂದೆ ತುಟಿ ಕಚ್ಚಿದಳು. ಆದರೆ ಅವರು ನುಂಗಲಿಲ್ಲ. ತಲೆ ಹಿಂದಕ್ಕೆ ಹಾಕಿ ಗಂಟಲಲ್ಲಿ ಗಳಗಳ ಮಾಡಿ ತರಗೆಲೆಯ ಮೇಲೆ ಉಗುಳಿದರು. ಮತ್ತೊಂದು ಗುಟುಕು, ಮತ್ತೆ ಉಗುಳು. ಆಮೇಲೆ ಎದ್ದು ನಿಂತು, ಎದೆ ತುಂಬ ಉಸಿರೆಳೆದು, ಮರಗಳ ಕಡೆ ಬಾಯಿ ತೆರೆದು ಕೀರ್ತನೆಯ ಒಂದು ಸಾಲು ಕೂಗಿದರು. ಬಂದದ್ದು ಎಣ್ಣೆ ಕಾಣದ ಬಾಗಿಲಿನ ಕೀಲಿನಂಥ ಸದ್ದು. ಪಕ್ಕದಲ್ಲೇ ನೆಲ ಕೆದರುತ್ತಿದ್ದ ಹಂದಿಯೂ ತಲೆ ಎತ್ತಲಿಲ್ಲ. ಅವರು ಕೈಯಿಂದ ಗಂಟಲು ಒತ್ತಿ ಹಿಡಿದು ಮರಕ್ಕೆ ಒರಗಿದರು.

ಕುಡುಕ ಉಗುಳುವುದಿಲ್ಲ. ಇಷ್ಟು ಥರ್ಜಾಳಿಗೆ ಗೊತ್ತಿತ್ತು. ಆದರೂ ದಾರಿಯಲ್ಲಿ ಬರುವಾಗ ಮತ್ತೊಂದು ಯೋಚನೆ ಬಂತು. ನಾನು ಮರದ ಹಿಂದೆ ಇರುವುದು ಅವರಿಗೆ ಗೊತ್ತಾಗಿ ನಾಟಕ ಆಡಿದ್ದರೆ? ಡನ್ ಕೂಡ ಕೆಮ್ಮುತ್ತಿದ್ದರಲ್ಲ?

ಮರುದಿನ ಬೆಳಿಗ್ಗೆ ಅವರು ಲಾಯದಲ್ಲಿ ಜೀನು ಕಟ್ಟುತ್ತಿದ್ದರು. ಎನೋಸ್ ಆಗಲೇ ಹೊಲಕ್ಕೆ ಹೋಗಿದ್ದ. ಥರ್ಜಾ ಹೋಗಿ ಎದುರಿಗೆ ನಿಂತಳು.

"ಸೋದರ ಪ್ರೂಯಿಟ್, ನಿನ್ನೆ ನಾನು ಹಂದಿ ಹುಡ್ಕೊಂಡು ಕಾಡಿಗೆ ಬಂದಿದ್ದೆ."

ಅವರು ಪಟ್ಟಿ ಎಳೆಯುತ್ತಿದ್ದ ಕೈ ನಿಲ್ಲಿಸಿದರು. "ಹಂದಿ ಸಿಕ್ತಾ ಸೋದರಿ?" ಆ ಹೊತ್ತಿನ ದನಿ ಬರೀ ಗಾಳಿ.

"ಹಂದಿ ಸಿಗ್ಲಿಲ್ಲ. ಅದ್ರಲ್ಲೇನಿದೆ ಹೇಳಿ. ವಿಚಾರಣೇಲಿ ನನ್ನ ಕರೀತಾರೆ."

ಅವರು ಚೀಲದಿಂದ ಸೀಸೆ ತೆಗೆದು ಬಿರಡೆ ಕಿತ್ತು ಅವಳ ಮೂಗಿಗೆ ಹಿಡಿದರು. ಕೆಂಪು ಮೆಣಸಿನಕಾಯಿ ಹಾಕಿ ಕಾಯಿಸಿದ ಸೇಬಿನ ಕಾಡಿ, ಅಂದರೆ ವಿನೆಗರ್. ಅವಳ ಕಣ್ಣಲ್ಲಿ ನೀರು ಬಂತು.

"ಹಿಂಗಿದ್ರೆ ಅಯ್ನೋರೇ, ಬಾಯಿ ಬಿಟ್ಟು ಹೇಳ್ಬಾರ್ದಾ? ಊರೆಲ್ಲ ನಿಮ್ಮನ್ನ ಕುಡುಕ ಅಂತಿದೆ."

"ಅನ್ಲಿ," ಅಂದರು ಪ್ರೂಯಿಟ್. ಒಂದೊಂದು ಮಾತಿಗೂ ನಿಂತು ನಿಂತು ಹೇಳಿದರು. "ಕುಡುಕ ಅಂದ್ರೆ ಆರು ತಿಂಗ್ಳು ನಿಲ್ಲಿಸ್ತಾರೆ. ತಪ್ಪಾಯ್ತು ಅಂತ ಅತ್ರೆ ವಾಪಸ್ ಕರೀತಾರೆ. ಅಷ್ಟರಲ್ಲಿ ಗಂಟಲು ವಾಸಿಯಾದ್ರೂ ಆಯ್ತು. ಆದ್ರೆ ದನಿ ಹೋಯ್ತು ಅಂತ ಗೊತ್ತಾದ್ರೆ ಇನ್ನು ಸುತ್ತು ಕೊಡಲ್ಲ, ಸವೆದುಹೋದೋರ ಪಟ್ಟಿಗೆ ಹಾಕ್ತಾರೆ. ಅಲ್ಲಿಂದ ಯಾರೂ ವಾಪಸ್ ಬಂದಿದ್ದು ನಾನು ಕಾಣೆ. ಪಾಪಕ್ಕೆ ಪಶ್ಚಾತ್ತಾಪ ಇದೆ ಸೋದರಿ. ಗಂಟಲಿಗೆ ಎಲ್ಲಿದೆ?"

"ಮಾಡದ ತಪ್ಪು ಒಪ್ಕೊಳ್ತೀರಾ?"

"ಒಪ್ಕೊಳಲ್ಲ. ಸುಮ್ನಿರ್ತೀನಿ. ನೀವೂ ಸೀಸೆ ಕಂಡೆ ಅಂತ ಹೇಳಿ, ಅಷ್ಟೇ. ಅದು ಸುಳ್ಳಲ್ಲವಲ್ಲ."

ಅವರು ಕುದುರೆ ಹತ್ತಿ ಹೋದರು. ಥರ್ಜಾ ಲಾಯದಲ್ಲೇ ನಿಂತಳು. ಆ ಮನುಷ್ಯನ ಲೆಕ್ಕಾಚಾರದಲ್ಲಿ ಬೀಚ್ ಹಳ್ಳದ ಗುಂಪು ಎಲ್ಲೂ ಇರಲಿಲ್ಲ. ಇನ್ನೊಬ್ಬ ಕುಡುಕ ಬೋಧಕ ಎಂದು ತೀರ್ಮಾನವಾದರೆ ಉಳಿದ ಅರ್ಧ ಜನವೂ ಹಳ್ಳ ದಾಟುತ್ತಾರೆ. ಅವರಿಗೆ ಅದು ಹೊಳೆಯಲೇ ಇಲ್ಲವೋ, ಹೊಳೆದೂ ಬಿಟ್ಟರೋ? ಹಾಗೆಂದು ಅವಳು ಬಾಯಿ ಬಿಟ್ಟರೆ, ಹದಿನೈದು ವರ್ಷ ಕುದುರೆಯ ಮೇಲೆ ಸವೆದವನ ಬದುಕು ಅವಳ ಒಂದು ಮಾತಿನಿಂದ ನಿಂತುಹೋಗುತ್ತದೆ. ಇದನ್ನು ಅವಳು ಎನೋಸ್‌ಗೂ ಹೇಳಲಿಲ್ಲ. ಒಂದು ಸಲ ಒಬ್ಬರಿಗೆ ಹೇಳಿ ಆದದ್ದು ಸಾಕಾಗಿತ್ತು.

ಮೇ ತಿಂಗಳ ಕೂಟದ ಶನಿವಾರ ಅವಳ ದೊಡ್ಡ ಕೋಣೆಯಲ್ಲೇ ವಿಚಾರಣೆ ಕೂತಿತು. ಹಿರಿಯ ಕ್ರಾಫರ್ಡ್, ಪಕ್ಕದ ಸುತ್ತುಗಳಿಂದ ಬಂದ ಮೂವರು ಬೋಧಕರು, ದೂರು ಕೊಟ್ಟ ಟೀಗ್, ಗುಂಪಿನ ಗಂಡಸರು. ಹೆಂಗಸರಿಗೆ ತೀರ್ಪಿನಲ್ಲಿ ಬಾಯಿಲ್ಲ, ಸಾಕ್ಷಿಗೆ ಮಾತ್ರ ಇದೆ. ಲವೀನಾ ಮತ್ತು ಉಳಿದವರು ಅಡುಗೆಯ ಕಡೆ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದರು.

ಕ್ರಾಫರ್ಡ್ ದಪ್ಪ ಮೈಯ, ಕಡಿಮೆ ಮಾತಿನ ಮನುಷ್ಯ. "ಸೋದರ ಪ್ರೂಯಿಟ್, ಸೀಸೆ ಇದೆಯೋ ಇಲ್ವೋ?"

"ಇದೆ."

"ಅದ್ರಲ್ಲೇನಿದೆ?"

ಪ್ರೂಯಿಟ್ ಕಣ್ಣು ನೆಲಕ್ಕಿಳಿಸಿದರು.

"ದೇವರ ಮುಂದೆ ಮಾತಾಡೋ ಬಾಯಿ ನಮ್ಮ ಮುಂದೆ ಯಾಕೆ ಕಟ್ಟಿಹೋಯ್ತು?" ಎಂದ ಟೀಗ್.

"ಕೇಳ್ದಾಗ ಮಾತಾಡಿ ಸೋದರ ಟೀಗ್," ಅಂದರು ಹಿರಿಯರು. "ಕೇಳದಿದ್ದಾಗ ಬೇಕಾದಷ್ಟು ಆಡಿದ್ದೀರಿ ಅಂತ ಕೇಳಿದ್ದೀನಿ." ಬೆಂಚಿನ ಕಡೆಯಿಂದ ಯಾರೋ ಮೂಗಿನಲ್ಲೇ ನಕ್ಕರು.

ಆಮೇಲೆ ಥರ್ಜಾಳನ್ನು ಕರೆದರು. ಅವಳು ಏಪ್ರನ್‌ಗೆ ಕೈ ಒರೆಸಿಕೊಂಡು ಬಂದು ನಿಂತಳು. ಪ್ರೂಯಿಟ್ ಅವಳ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದರು.

"ಸೋದರಿ ಮಕ್ಲೂರ್, ನೀವು ಏನು ಕಂಡ್ರಿ?"

"ಸೀಸೆ ಕಂಡೆ."

"ಅವರು ಅದನ್ನ ಬಾಯಿಗೆ ಹಾಕ್ಕೊಂಡಿದ್ದು ಕಂಡ್ರಾ?"

"ಕಂಡೆ."

ಟೀಗ್ ಬೆಂಚಿಗೆ ಒರಗಿ ಕಾಲು ಚಾಚಿದ. ಹಿರಿಯರು ಆಯಿತು ಎಂಬಂತೆ ತಲೆ ಆಡಿಸಿದರು. ಅವಳು ಅಲ್ಲಿಗೇ ನಿಲ್ಲಿಸಬಹುದಿತ್ತು. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವಳು ನಿಂತೇ ಇದ್ದಳು.

"ಇನ್ನೂ ಏನಾದ್ರೂ ಇದೆಯಾ ತಾಯಿ?"

"ಕಂಡಿದ್ದು ಇಷ್ಟೇ ಅಲ್ಲ," ಅಂದಳು ಥರ್ಜಾ. "ಬಾಯಿಗೆ ಹಾಕ್ಕೊಂಡ್ರು, ಗಳಗಳ ಮಾಡಿದ್ರು, ಉಗುಳಿದ್ರು. ನುಂಗ್ಲಿಲ್ಲ. ಎರಡು ಸಲ ಹಂಗೇ ಮಾಡಿದ್ರು. ಆಮೇಲೆ ಹಾಡೋಕೆ ಹೋದ್ರು, ದನಿ ಬರ್ಲಿಲ್ಲ. ಸೀಸೆ ಅವ್ರ ಚೀಲದಲ್ಲೇ ಇದೆ, ತರಿಸಿ ನೋಡಿ."

ಪ್ರೂಯಿಟ್ ತಲೆ ಎತ್ತಿ ಅವಳನ್ನು ನೋಡಿದರು. ಆ ನೋಟವನ್ನು ಅವಳು ಬಹಳ ದಿನ ಮರೆಯಲಿಲ್ಲ.

ಸೀಸೆ ಬಂತು. ಹಿರಿಯರು ಮೂಸಿದರು. ನಂಬಿಕೆ ಬರದೆ ಒಂದು ಗುಟುಕು ಬಾಯಿಗೂ ಹಾಕಿಕೊಂಡರು. ಮುಂದೆ ಅವರು ಕೆಮ್ಮಿದ ಕೆಮ್ಮಿಗೆ ಅಡುಗೆ ಕಡೆಯ ಹೆಂಗಸರು ಬಾಗಿಲು ತಳ್ಳಿಕೊಂಡೇ ಒಳಗೆ ಬಂದುಬಿಟ್ಟರು. ಗಂಡಸರು ನಕ್ಕರು. ಎನೋಸ್ ತೊಡೆ ತಟ್ಟಿಕೊಂಡ. ಟೀಗ್ ಒಬ್ಬನೇ, "ಕಾಡಿ ಕೆಳಗೆ ಇನ್ನೇನು ಸೇರಿದೆಯೋ ಯಾರಿಗೆ ಗೊತ್ತು," ಎಂದು ಗೊಣಗಿದ.

ನಗು ನಿಂತ ಮೇಲೆ ಹಿರಿಯರು ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದರು. "ಎಷ್ಟು ದಿನದಿಂದ?"

"ಕ್ರಿಸ್ಮಸ್‌ಗೆ ಮುಂಚಿಂದ."

"ಒಂದು ಕೀರ್ತನೆ ಓದಿ ಕೊಡಿ."

ಪ್ರೂಯಿಟ್ ಎದ್ದು ನಿಂತರು. ಪುಸ್ತಕ ತೆರೆಯಲಿಲ್ಲ, ಎಲ್ಲ ಬಾಯಿಪಾಠ. ಮೊದಲ ಸಾಲು ಮುಂದಿನ ಬೆಂಚಿನವರೆಗೆ ಬಂತು. ಎರಡನೆಯ ಸಾಲು ಅಲ್ಲಿಗೂ ಬರಲಿಲ್ಲ. ಸಾಲು ಕೇಳಿಸಿದ್ದರೆ ಜನ ಹಾಡಬೇಕಿತ್ತು. ಎಲ್ಲರೂ ಅವರ ತುಟಿಯನ್ನೇ ನೋಡುತ್ತಾ ಕೂತರು. "ಸಾಕು, ಕೂತ್ಕೊಳ್ಳಿ ತಮ್ಮಾ," ಅಂದರು ಹಿರಿಯರು.

ಬೋಧಕರ ಮೇಲೆ ಯಾವ ತಪ್ಪೂ ಇಲ್ಲ ಎಂದು ತೀರ್ಪಾಯಿತು. ಮರುದಿನ ಬೆಳಿಗ್ಗೆ ರೊಟ್ಟಿ ನೀರು ಹಂಚಿಕೊಳ್ಳುವ ಪ್ರೀತಿಭೋಜನದ ಕೂಟಕ್ಕೆ ಹಳ್ಳದ ಆಚೆಯಿಂದ ಮೂರು ಮನೆಯವರು ವಾಪಸ್ ಬಂದರು. ಎನೋಸ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರೂಯಿಟ್ ಎಲ್ಲರ ಕೈಕುಲುಕಿದರು, ಆದರೆ ಥರ್ಜಾ ಇಟ್ಟಿದ್ದ ಊಟ ಮುಟ್ಟಲಿಲ್ಲ. ಸೋಮವಾರ ಅವಳು ಏಳುವ ಮೊದಲೇ ಕುದುರೆ ಹತ್ತಿ ಹೋಗಿದ್ದರು. ಒಲೆಯ ಪಕ್ಕ ಕಟ್ಟಿಗೆ ಇಟ್ಟಿರಲಿಲ್ಲ.

ಶರತ್ಕಾಲದ ಮಹಾಸಭೆಯಲ್ಲಿ ಪದ್ಧತಿಯಂತೆ ಒಬ್ಬೊಬ್ಬ ಬೋಧಕರ ಹೆಸರು ಕೂಗಿ, ಇವರ ಮೇಲೆ ಏನಾದರೂ ಇದೆಯೇ ಎಂದು ಕೇಳಿದರು. ಪ್ರೂಯಿಟ್ ಹೆಸರು ಬಂದಾಗ ಕ್ರಾಫರ್ಡ್ ಎದ್ದು, ಏನೂ ಇಲ್ಲ, ಅಂದರು. ಅದೇ ಉಸಿರಿನಲ್ಲಿ ಅವರನ್ನು ಸವೆದುಹೋದವರ ಪಟ್ಟಿಗೆ ಸೇರಿಸಬೇಕೆಂದು ಕೋರಿದರು. ಆ ಪಟ್ಟಿಯಲ್ಲಿ ಅವರಿಗಿಂತ ಚಿಕ್ಕ ವಯಸ್ಸಿನವರು ಯಾರೂ ಇರಲಿಲ್ಲವಂತೆ. ಟೀಗ್‌ಗೂ ಬೋಧಕನ ಅಪ್ಪಣೆ ಸಿಗಲಿಲ್ಲ. ಅವನು ಹಂದಿಗಳ ಹಿಂದೆಯೇ ಉಳಿದ.

ಗಂಟಲು ವಾಸಿಯಾಗಲಿಲ್ಲ. ಪ್ರೂಯಿಟ್ ಒಹಾಯೋ ನದಿ ದಂಡೆಯ ಮ್ಯಾಡಿಸನ್ ಪಟ್ಟಣದಲ್ಲಿ ಅಕ್ಕನ ಗಂಡನ ಪೀಪಾಯಿ ಮಾಡುವ ಕೊಟ್ಟಿಗೆಗೆ ಸೇರಿ ಹಲಗೆ ಬಗ್ಗಿಸುವ ಕೆಲಸ ಕಲಿತರು. ಆ ಊರಲ್ಲಿ ಪೀಪಾಯಿ ಮಾಡುವವರಿಗೆ ದೊಡ್ಡ ಗಿರಾಕಿ ಎಂದರೆ ವಿಸ್ಕಿಯ ಭಟ್ಟಿಗಳು. ಬೀಚ್ ಹಳ್ಳಕ್ಕೆ ಈ ಸುದ್ದಿ ಬಂದಾಗ ಲವೀನಾ, "ನೋಡ್ದ್ಯಾ, ಕೊನೆಗೂ ಅಲ್ಲಿಗೇ ಬಂತು," ಅಂದಳು.

ನಾಲ್ಕೈದು ವರ್ಷ ಕಳೆದ ಮೇಲೆ ಎನೋಸ್ ಮಾಂಸ ಮಾರಲು ಮ್ಯಾಡಿಸನ್‌ಗೆ ಗಾಡಿ ಕಟ್ಟಿದಾಗ ಅವಳೂ ಹೊರಟಳು. ಉಪ್ಪಿನ ಮಾಂಸಕ್ಕೆ ಒಂದು ಪೀಪಾಯಿ ಬೇಕು ಎಂದಳು. ಎನೋಸ್ ಗಾಡಿಯ ಹತ್ತಿರ ಉಳಿದ, ಅವಳು ಕೇಳಿಕೊಂಡು ಕೇಳಿಕೊಂಡು ಆ ಕೊಟ್ಟಿಗೆಗೆ ಹೋದಳು. ಪ್ರೂಯಿಟ್ ತೊಗಲಿನ ಏಪ್ರನ್ ಕಟ್ಟಿಕೊಂಡು ಪೀಪಾಯಿಯ ಸುತ್ತ ಬಿಗಿಯುವ ಬಳೆ ಬಡಿಯುತ್ತಿದ್ದರು. ಕೂದಲು ನರೆತಿತ್ತು, ತೋಳು ದಪ್ಪವಾಗಿತ್ತು. ಅವಳನ್ನು ಗುರುತು ಹಿಡಿದು ಸುತ್ತಿಗೆ ಕೆಳಗಿಟ್ಟರು.

ಅವಳು ಸಾಲಾಗಿ ನಿಲ್ಲಿಸಿದ್ದ ಪೀಪಾಯಿಗಳ ಹತ್ತಿರ ಹೋಗಿ ಒಂದೊಂದರೊಳಗೂ ಬಗ್ಗಿ ನೋಡಿದಳು. ವಿಸ್ಕಿಯ ಪೀಪಾಯಿಗೆ ಒಳಗೋಡೆಯನ್ನು ಕರ್ರಗೆ ಸುಡುತ್ತಾರೆ, ಹಿಟ್ಟಿನದಕ್ಕೂ ಮಾಂಸದ್ದಕ್ಕೂ ಸುಡುವುದಿಲ್ಲ. ಮೊದಲನೆಯದು ಬಿಳಿ. ಎರಡನೆಯದೂ ಬಿಳಿ. ಹಿಂದಿನ ಸಾಲಿನವು ಕತ್ತಲಲ್ಲಿ ಸರಿಯಾಗಿ ಕಾಣಲಿಲ್ಲ.

ಪ್ರೂಯಿಟ್ ಗೂಡಿನಲ್ಲಿದ್ದ ದೀಪ ಹಚ್ಚಿ ತಂದು ಅವಳ ಕೈಗೆ ಕೊಟ್ಟರು. ದನಿ ಅದೇ ಗಾಳಿಯಂಥ ದನಿ.

"ಎಲ್ಲ ನೋಡಿ ಸೋದರಿ. ಊರಿಗೆ ಹೋಗಿ ಅರ್ಧ ಹೇಳೋಕೆ ನಿಮ್ಮ ಕೈಲಾಗಲ್ಲ."

ಅವಳು ದೀಪ ಹಿಡಿದು ಹಿಂದಿನ ಸಾಲಿಗೆ ಹೋಗಿ, ಕೊನೆಯದರವರೆಗೂ ಬಗ್ಗಿ ಬಗ್ಗಿ ನೋಡಿದಳು.